ಹೊಟ್ಟೆ ಹುಣ್ಣಿಗೆ ಅಜ್ಜನನ್ನು ಯಾಕೆ ದೂರಬೇಕು?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಅಪ್ಪನಿಗೂ ಅಲ್ಸರ್, ದೊಡ್ಡಪ್ಪನಿಗೂ ಅಲ್ಸರ್, ಈಗ ನನಗೂ ಶುರುವಾಗಿದೆ, ಇದು ವಂಶದಿಂದ ಬರುತ್ತಾ ಅಂತ. ಉತ್ತರ ಎರಡೇ ಸಾಲು. ಹೌದು, ಮನೆತನದಲ್ಲಿ ಇದ್ದರೆ ಬರುವ ಸಾಧ್ಯತೆ ಜಾಸ್ತಿ, ಖಾರ ಹುಳಿ ಕಡಿಮೆ ಮಾಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಸುಳ್ಳಲ್ಲ ಬಿಡಿ, ಆದರೆ ಅರ್ಧ ಉತ್ತರ, ಹುಣ್ಣು ತರುವ ಒಂದು ಕ್ರಿಮಿಯ ಮಾತೇ ಅದರಲ್ಲಿಲ್ಲ. ಆ ಅರ್ಧ ಉತ್ತರವನ್ನು ನಂಬಿಕೊಂಡೇ ನಮ್ಮ ಮನೆಯಲ್ಲಿ ಮೂರು ತಲೆಮಾರು ಹೊಟ್ಟೆ ಹಿಡಿದುಕೊಂಡು ಕೂತಿತ್ತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಜಾಗ ಸಾಲದಿದ್ದರೆ ಮೊದಲನೆಯದೆಲ್ಲ ಕತ್ತರಿಸಿ ಕೊನೆಯ ಭಾಗ ಮಾತ್ರ ಉಳಿಸಿಕೊಳ್ಳಿ.

ನಾನು ಹುಣಸೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡು 22 ವರ್ಷ ಆಯ್ತು. ಡಾಕ್ಟರ್ ಅಲ್ಲ, ಮಾತ್ರೆ ಮಾರುವವನು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಬರುವ ಮೊದಲ ಹತ್ತು ಗಿರಾಕಿಗಳಲ್ಲಿ ನಾಲ್ಕು ಮಂದಿ ಕೇಳುವುದು ಒಂದೇ. "ಅಣ್ಣಾ, ಎರಡು ಗ್ಯಾಸ್ ಮಾತ್ರೆ ಕೊಡಿ." ಅದರ ಹಿಂದೆಯೇ, "ಹಂಗೇ ಎರಡು ಮೈಕೈ ನೋವಿನ ಮಾತ್ರೆ." ಈ ಎರಡನೇದು ಮಾಡುವ ಗಾಯಕ್ಕೆ ಮೊದಲನೇದು ಮುಲಾಮು, ಅದು ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಯಾಕೆ ಮಾತ್ರೆ ಅಂತ ಕೇಳಿದರೆ ಹೇಳುವ ಕಾರಣವೂ ಒಂದೇ: "ನಮ್ಮಪ್ಪಂಗೂ ಹಿಂಗೇ ಇತ್ತು, ನಮ್ಮ ವಂಶವೇ ಹಂಗೆ."

ನಮ್ಮ ವಂಶವೂ ಹಾಗೇ ಇತ್ತು. ಅಜ್ಜನ ಹೊಟ್ಟೆಯ ಮೇಲೆ ಎದೆಗೂಡಿನ ಕೆಳಗಿನಿಂದ ಹೊಕ್ಕುಳದವರೆಗೆ ಒಂದು ಉದ್ದ ಗೆರೆ, ಅದರ ಎರಡೂ ಕಡೆ ಹೊಲಿಗೆಯ ಗುರುತು, ಥೇಟ್ ಜರಿಹುಳದ ಕಾಲು. ಅಜ್ಜ ಜಗಲಿಯ ಮೇಲೆ ಬರಿ ಮೈಯಲ್ಲಿ ಮಲಗಿದ್ದಾಗ ನಾವು ಮಕ್ಕಳು ಬೆರಳಿಟ್ಟು ಆ ಕಾಲು ಎಣಿಸುತ್ತಿದ್ದೆವು. 1964ರಲ್ಲಿ ಮೈಸೂರಿನಲ್ಲಿ ಆದ ಆಪರೇಷನ್ ಅದು. ಆ ಕಾಲದಲ್ಲಿ ಹುಣ್ಣು ಕೈಮೀರಿದರೆ ಅದೇ ದಾರಿ. ಆಮ್ಲ ಸುರಿಸು ಅಂತ ಜಠರಕ್ಕೆ ಹೇಳುವ ನರವನ್ನು ಕತ್ತರಿಸುವುದು, ಜಠರಕ್ಕೂ ಸಣ್ಣ ಕರುಳಿಗೂ ಇನ್ನೊಂದು ದಾರಿ ಹೊಲಿದುಬಿಡುವುದು. ಅದಕ್ಕೆ ಮುಂಚೆ ಅಜ್ಜ ಹತ್ತು ವರ್ಷ ಒಂದು ಲೋಟ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡ ಹಾಕಿ ಕುಡಿದೇ ದಿನ ದೂಡಿದ್ದರಂತೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ನಗದೇನೇ ಆಯ್ತು ಅಂತ ಅಜ್ಜಿ ಹೇಳುತ್ತಿದ್ದಳು.

ಆಪರೇಷನ್ ಮಾಡಿದವರು ಯಾರು, ಯಾವ ಆಸ್ಪತ್ರೆ ಅಂತ ಅಜ್ಜಿಗೆ ನೆನಪಿರಲಿಲ್ಲ. "ಬಿಳಿ ಡಾಕ್ಟ್ರು" ಅಷ್ಟೇ. ಇದನ್ನು ಯಾಕೆ ಹೇಳಿದೆ ಅಂದರೆ, ಅದೇ ಕಾಲದಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ ಫ್ರಾಂಕ್ ಟೋವಿ ಅನ್ನುವ ಇಂಗ್ಲಿಷ್ ಸರ್ಜನ್ ಕೆಲಸ ಮಾಡುತ್ತಿದ್ದರು. ಹೊಟ್ಟೆ ಹುಣ್ಣಿನ ರೋಗಿಗಳನ್ನು ನೋಡಿ ನೋಡಿ ಅವರಿಗೆ ಒಂದು ಕುತೂಹಲ ಹತ್ತಿತು. ಇಡೀ ದೇಶದಲ್ಲಿ ಇದು ಎಲ್ಲೆಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅಂತ ವಿಚಾರಿಸಿದರು. ಅನ್ನ ಉಣ್ಣುವ ದಕ್ಷಿಣದಲ್ಲಿ, ಪೂರ್ವದಲ್ಲಿ ಜಾಸ್ತಿ; ಗೋಧಿ ರೊಟ್ಟಿ ತಿನ್ನುವ ಉತ್ತರದ ಕಡೆ ಕಡಿಮೆ. ಇಂಗ್ಲೆಂಡಿಗೆ ವಾಪಸ್ ಹೋದ ಮೇಲೂ ಅವರು ಈ ವಿಷಯ ಬಿಡಲಿಲ್ಲ. ಹುಣ್ಣು ಕಡಿಮೆ ಇರುವ ಕಡೆಯ ಕಾಳುಬೇಳೆ ತರಿಸಿ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಜಠರವನ್ನು ಚೆನ್ನಾಗಿ ಕಾಪಾಡಿದ ಕಾಳುಗಳಲ್ಲಿ ಒಂದು ಯಾವುದು ಗೊತ್ತಾ? ಹುರುಳಿ. ಅದರ ಕೊಬ್ಬಿನ ಅಂಶದಲ್ಲಿ ಆ ಗುಣ ಇದೆ ಅಂತ ಬರೆದರು. ಇದನ್ನು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದರೆ ಹುರುಳಿ ಉಷ್ಣ ಅಂತ ಹೇಳಿ ನಮ್ಮಜ್ಜಿ ಅಜ್ಜನ ತಟ್ಟೆಗೆ ಹುರುಳಿ ಕಟ್ಟಿನ ಸಾರನ್ನು ಮೂವತ್ತು ವರ್ಷ ಹಾಕಲೇ ಇಲ್ಲ. ಇಲಿಗೆ ಆಗಿದ್ದು ಮನುಷ್ಯನಿಗೂ ಹಾಗೇ ಆಗುತ್ತೆ ಅಂತಲ್ಲ, ಹುರುಳಿ ತಿಂದು ಹುಣ್ಣು ವಾಸಿ ಮಾಡಿಕೊಳ್ಳಿ ಅಂತ ನಾನೂ ಹೇಳುತ್ತಿಲ್ಲ. ಆದರೆ ಪಾಪ, ಅಜ್ಜನಿಗೆ ಇಷ್ಟದ ಸಾರು ಅದು.

ಆಮೇಲೆ ಅಪ್ಪ. ಬಸ್ ಕಂಡಕ್ಟರ್. ಊಟಕ್ಕೆ ಹೊತ್ತು ಗೊತ್ತು ಇಲ್ಲ, ಅದಕ್ಕೇ ಹಿಂಗಾಯ್ತು, ಜೊತೆಗೆ ಅವರಪ್ಪನದ್ದು ಬಂದಿದೆ ಅಂತ ಎಲ್ಲರ ತೀರ್ಮಾನ. ಅಪ್ಪನ ತಲೆದಿಂಬಿನ ಪಕ್ಕ ಒಂದು ಬಿಸ್ಕತ್ ಡಬ್ಬಿ ಇರುತ್ತಿತ್ತು. ರಾತ್ರಿ ಒಂದೂವರೆ ಎರಡರ ಹೊತ್ತಿಗೆ ಕತ್ತಲಲ್ಲಿ ಕರಕರ ಸದ್ದು. ಆ ಸದ್ದು ಕೇಳಿದರೆ ಗಡಿಯಾರ ನೋಡುವುದೇ ಬೇಡ. ಸಣ್ಣ ಕರುಳಿನ ಬಾಯಲ್ಲಿ ಆಗುವ ಹುಣ್ಣಿನ ಗುರುತೇ ಅದು, ಹೊಟ್ಟೆ ಖಾಲಿಯಾದಾಗ ಉರಿ, ಏನಾದರೂ ತಿಂದರೆ ಸ್ವಲ್ಪ ಹೊತ್ತು ತಂಪು, ಮತ್ತೆ ನಡುರಾತ್ರಿ ಎಬ್ಬಿಸುವುದು. ನಮಗೆ ಅದೆಲ್ಲ ಗೊತ್ತಿಲ್ಲ. ಅಪ್ಪನಿಗೆ ಬಿಸ್ಕತ್ ಹುಚ್ಚು ಅಂದುಕೊಂಡಿದ್ದೆವು.

ಅಮ್ಮನ ಚಿಕಿತ್ಸೆ ಹಾಲು. ಮಲಗುವ ಮುಂಚೆ ಒಂದು ಚೊಂಬು ತಣ್ಣನೆ ಹಾಲು. ಕುಡಿದ ಹತ್ತು ನಿಮಿಷ ಹಾಯ್ ಅನ್ನಿಸುತ್ತದೆ, ನಿಜ. ಆದರೆ ಹಾಲಿನಲ್ಲಿರುವ ಕ್ಯಾಲ್ಸಿಯಂ, ಪ್ರೋಟೀನು ಜಠರವನ್ನು ಕೆಣಕಿ ಇನ್ನಷ್ಟು ಆಮ್ಲ ಬರಿಸುತ್ತವೆ. ಅದೂ ಅಲ್ಲದೆ ಅಪ್ಪನಿಗೆ ಹಾಲು ಕುಡಿದರೆ ಹೊಟ್ಟೆ ಗುಡುಗುಡು, ಉಬ್ಬರ, ಬೆಳಿಗ್ಗೆ ಎರಡು ಸಲ ಹೆಚ್ಚಿಗೆ ಓಡಾಟ. ನನಗೂ ಹಾಗೇ, ನನ್ನ ತಂಗಿಗೂ ಹಾಗೇ. ಮೊಸರು ಮಜ್ಜಿಗೆ ಆದರೆ ಏನೂ ಆಗುವುದಿಲ್ಲ. ಹಾಲಿನ ಸಕ್ಕರೆಯನ್ನು ಒಡೆಯುವ ಶಕ್ತಿ ಮಗುವಾಗಿದ್ದಾಗ ಎಲ್ಲರಿಗೂ ಇರುತ್ತದೆ, ದೊಡ್ಡವರಾದ ಮೇಲೆ ಉಳಿಯುತ್ತಾ ಇಲ್ವಾ ಅನ್ನುವುದು ಅಪ್ಪ ಅಮ್ಮನಿಂದ ಬಂದ ಜೀನಿನ ಮೇಲೆ ನಿಂತಿದೆ. ದಕ್ಷಿಣದವರಲ್ಲಿ ಅದು ಉಳಿಯದವರೇ ಜಾಸ್ತಿ. ನೋಡಿ, ನಮ್ಮ ಮನೆಯ ಹೊಟ್ಟೆಗಳಲ್ಲಿ ನಿಜವಾಗಿ ವಂಶದಿಂದ ಬಂದಿದ್ದು ಹಾಲು ಆಗದಿರುವುದು. ಅದೇ ಹಾಲನ್ನು ವಂಶದ ಹುಣ್ಣಿಗೆ ಔಷಧಿ ಅಂತ ಚೊಂಬುಗಟ್ಟಲೆ ಕುಡಿಸಿದ್ದು.

2009ರಲ್ಲಿ ಅಪ್ಪನಿಗೆ ಮಂಡಿ ನೋವು ಶುರುವಾಯಿತು. ಮಗನದೇ ಅಂಗಡಿ, ಯಾವ ಡಾಕ್ಟರ್ ಚೀಟಿ ಬೇಕು? ಡೈಕ್ಲೊಫೆನಾಕ್ ಅನ್ನುವ ನೋವಿನ ಮಾತ್ರೆಯ ಸ್ಟ್ರಿಪ್ ನಾನೇ ಕೊಟ್ಟೆ. ಒಂದಲ್ಲ, ಎರಡು ತಿಂಗಳು ಕೊಟ್ಟೆ. ಊಟ ಆದ ಮೇಲೆ ತಗೊಳ್ಳಿ ಅಂತ ಎಚ್ಚರಿಕೆ ಬೇರೆ. ಈ ಮಾತ್ರೆಗಳು ಜಠರದ ಒಳಗೋಡೆಯನ್ನು ಕಾಯುವ ಲೋಳೆ ಪದರ ಉತ್ಪತ್ತಿಯಾಗುವುದನ್ನೇ ಕಡಿಮೆ ಮಾಡುತ್ತವೆ, ಅದೂ ರಕ್ತಕ್ಕೆ ಸೇರಿ ಆ ಕೆಲಸ ಮಾಡುತ್ತವೆ, ಹಾಗಾಗಿ ಊಟ ಆದ ಮೇಲೆ ನುಂಗಿದರೂ, ಅಷ್ಟೇ ಏಕೆ, ಇಂಜೆಕ್ಷನ್ ತಗೊಂಡರೂ ಹುಣ್ಣಾಗಬಹುದು. ಒಂದು ಬೆಳಿಗ್ಗೆ ಅಪ್ಪ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟರು. ಮೂರು ದಿನದಿಂದ ಮಲ ಡಾಂಬರಿನ ಹಾಗೆ ಕಪ್ಪಗೆ, ಜಿಗುಟು ಜಿಗುಟಾಗಿ ಹೋಗುತ್ತಿತ್ತಂತೆ, ಹೇಳಲು ನಾಚಿಕೆ. ಮೈಸೂರಿಗೆ ಕರೆದುಕೊಂಡು ಹೋಗಿ ಎರಡು ಬಾಟಲಿ ರಕ್ತ ಹಾಕಿಸಿದೆವು. "ಯಾವ ಮಾತ್ರೆ ತಗೋತಿದ್ರಿ ಯಜಮಾನ್ರೇ?" ಅಂತ ಡಾಕ್ಟರ್ ಕೇಳಿದಾಗ ಅಪ್ಪ ಬಾಯಿ ಬಿಡಲಿಲ್ಲ. ಸುಮ್ನೆ ನನ್ನ ಕಡೆ ಕೈ ತೋರಿಸಿದರು.

ಆಗಲೂ ಯಾರೂ ಹುಣ್ಣು ತರುವ ಆ ಕ್ರಿಮಿಯ ಮಾತೆತ್ತಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಅದರ ಸುದ್ದಿಯೇ ಇಲ್ಲ. ಮಾತ್ರೆ ಬದಲಾಯಿತು, ಬಿಸ್ಕತ್ ಡಬ್ಬಿ ಅಲ್ಲೇ ಉಳಿಯಿತು.

ಆ ಕ್ರಿಮಿಯ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ, ಜಠರದಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ. ಬಾಯಿಗೆ ಬರದಿದ್ದರೆ ಎಚ್ ಪೈಲೋರಿ. ಈ ಪತ್ರ ಬರೆಯಲು ನನಗೆ ಧೈರ್ಯ ಬಂದಿದ್ದೇ ಇದರ ಕತೆ ಓದಿ, ಯಾಕೆಂದರೆ ಆಸ್ಟ್ರೇಲಿಯಾದ ಪರ್ತ್ ನಗರದ ಡಾಕ್ಟರುಗಳಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಇದನ್ನು 1983ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಗೆ ತಿಳಿಸಿದ್ದೂ ಸಂಪಾದಕರಿಗೆ ಬರೆದ ಎರಡು ಪತ್ರಗಳ ಮೂಲಕವೇ! ಜಠರದ ಆಮ್ಲದಲ್ಲಿ ಯಾವ ಕ್ರಿಮಿಯೂ ಬದುಕಲ್ಲ ಅಂತ ಎಲ್ಲರೂ ನಂಬಿದ್ದ ಕಾಲ. ಪ್ರಯೋಗಶಾಲೆಯಲ್ಲಿ ಎಷ್ಟು ಪ್ರಯತ್ನಪಟ್ಟರೂ ಅದು ಬೆಳೆದಿರಲಿಲ್ಲ, ಎರಡು ದಿನ ನೋಡಿ ಕ್ರಿಮಿ ಬೆಳೆಸುವ ತಟ್ಟೆ ಬಿಸಾಡುತ್ತಿದ್ದರು. 1982ರಲ್ಲಿ ಈಸ್ಟರ್ ರಜೆ ಬಂತು, ತಟ್ಟೆಗಳು ಹಾಗೇ ಉಳಿದುಕೊಂಡವು, ರಜೆ ಮುಗಿಸಿ ಬಂದು ನೋಡಿದರೆ ಕ್ರಿಮಿ ಬೆಳೆದಿತ್ತು. ಪಾಪ ಅದಕ್ಕೆ ಬೇಕಾಗಿದ್ದು ಇನ್ನೆರಡು ಮೂರು ದಿನ ಅಷ್ಟೇ. ಆಮೇಲೂ ಜನ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಆ ಕ್ರಿಮಿ ಬೆಳೆಸಿದ ನೀರನ್ನು ತಾನೇ ಕುಡಿದುಬಿಟ್ಟರು. ವಾರದೊಳಗೆ ವಾಕರಿಕೆ, ವಾಂತಿ, ಮನೆಯವರು ಮೂಗು ಮುಚ್ಚುವಷ್ಟು ಬಾಯಿ ವಾಸನೆ. ಬಾಯಿಂದ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಮಾಡಿದರೆ ಜಠರದ ಒಳಪದರ ಊದಿಕೊಂಡಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮಾತ್ರೆ ಮಾರುವ ನಮ್ಮಂಥವರ ಕಿವಿಗೆ ಆ ಸುದ್ದಿ ಬೀಳಲು ಇನ್ನೂ ಹತ್ತು ವರ್ಷ ಹಿಡಿಯಿತು ಅನ್ನುವುದೇ ನನ್ನ ಬೇಜಾರು.

ಈಗ ವಂಶದ ಮಾತಿಗೆ ಬರೋಣ. ನಮ್ಮ ದೇಶದಲ್ಲಿ ದೊಡ್ಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಯ ಹೊಟ್ಟೆಯಲ್ಲಿ ಈ ಕ್ರಿಮಿ ಇದೆ. ಹೆಚ್ಚಿನವರಿಗೆ ಅದು ಸೇರುವುದು ಚಿಕ್ಕ ವಯಸ್ಸಿನಲ್ಲಿ, ಅದೂ ಮನೆಯೊಳಗಿನಿಂದಲೇ. ತಾಯಿಯ ಹೊಟ್ಟೆಯಲ್ಲಿರುವ ಕ್ರಿಮಿಯ ತಳಿಯೇ ಮಗುವಿನ ಹೊಟ್ಟೆಯಲ್ಲೂ ಸಿಕ್ಕಿದ್ದು ಎಷ್ಟೋ ಕಡೆ ಕಂಡಿದೆ. ನಮ್ಮ ಮನೆಯಲ್ಲಿ ಅಜ್ಜಿ ಮುದ್ದೆಯ ತುತ್ತನ್ನು ಬಾಯಲ್ಲಿ ಒಂದು ಸುತ್ತು ಮೃದು ಮಾಡಿ ಮೊಮ್ಮಕ್ಕಳ ಬಾಯಿಗೆ ಇಡುತ್ತಿದ್ದಳು. ಅಜ್ಜ ಕಚ್ಚಿದ ಸೀಬೆಹಣ್ಣಿಗೆ ನಾವು ಜಗಳ ಆಡುತ್ತಿದ್ದೆವು. ಹಾಗಾಗಿ ಅಪ್ಪನಿಗೆ ಬಂತು, ನನಗೆ ಬಂತು ಅಂದರೆ ಅದು ರಕ್ತದಲ್ಲೇ ಹರಿದು ಬಂತು ಅಂತ ಅರ್ಥ ಅಲ್ಲ, ಒಂದೇ ತಟ್ಟೆಯಲ್ಲಿ ಬಂದಿರಬಹುದು. ಅಜ್ಜಿಯ ಮೇಲೆ ತಪ್ಪು ಹೊರಿಸುತ್ತಿಲ್ಲ ಮತ್ತೆ, ಆ ತುತ್ತಿನ ರುಚಿ ಈಗಲೂ ನೆನಪಿದೆ.

ಹಾಗಾದರೆ ರಕ್ತದ್ದು ಏನೂ ಇಲ್ವಾ ಅಂದರೆ, ಇದೆ. ಕ್ರಿಮಿ ಇರುವ ನೂರು ಮಂದಿಯಲ್ಲಿ ಹುಣ್ಣಾಗುವುದು ಹತ್ತು ಹದಿನೈದು ಮಂದಿಗೆ ಮಾತ್ರ, ಯಾರಿಗೆ ಅನ್ನುವುದರಲ್ಲಿ ಮೈಗುಣದ ಪಾಲೂ ಇದೆ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಹುಣ್ಣಾದರೆ ಇನ್ನೊಬ್ಬರಿಗೂ ಆಗುವುದು ಬೇರೆ ಅವಳಿಗಳಿಗಿಂತ ಜಾಸ್ತಿ. ಓ ಗುಂಪಿನ ರಕ್ತದವರಿಗೆ ಸಣ್ಣ ಕರುಳಿನ ಹುಣ್ಣು ಸ್ವಲ್ಪ ಜಾಸ್ತಿ ಅಂತ ಇಂಗ್ಲೆಂಡಿನಲ್ಲಿ 1954ರಷ್ಟು ಹಿಂದೆಯೇ ಲೆಕ್ಕ ಹಾಕಿದ್ದರು. ನಾವೆಲ್ಲ ಓ ಪಾಸಿಟಿವ್. ಆದರೆ ನಮ್ಮ ಕಡೆ ಹತ್ತರಲ್ಲಿ ಸುಮಾರು ನಾಲ್ಕು ಮಂದಿ ಓ ಗುಂಪಿನವರೇ, ಅವರೆಲ್ಲ ರಾತ್ರಿ ಎದ್ದು ಬಿಸ್ಕತ್ ತಿನ್ನುತ್ತಿಲ್ಲವಲ್ಲ. ರಕ್ತದ ಗುಂಪು ಬದಲಾಯಿಸಲು ಆಗಲ್ಲ, ಕ್ರಿಮಿಯನ್ನು ಓಡಿಸಬಹುದು, ನನ್ನ ವಾದ ಅಷ್ಟೇ. ಪೂರ್ತಿ ಜೀನಿನಿಂದಲೇ ಬರುವ ಅಪರೂಪದ ಕಾಯಿಲೆ ಒಂದಿದೆ. ಗ್ರಂಥಿಗಳಲ್ಲಿ ಗಡ್ಡೆಯಾಗಿ ಆಮ್ಲ ವಿಪರೀತ ಸುರಿಯುವುದು. ಮನೆಯಲ್ಲಿ ಹಲವರಿಗೆ ಚಿಕ್ಕ ವಯಸ್ಸಿಗೇ ಹುಣ್ಣು, ಅದರ ಜೊತೆ ಮತ್ತೆ ಮತ್ತೆ ಕಿಡ್ನಿ ಕಲ್ಲು ಅಂತಿದ್ದರೆ ಎರಡನ್ನೂ ಒಟ್ಟಿಗೆ ಡಾಕ್ಟರಿಗೆ ಹೇಳಿ. ನಮ್ಮ ಜನ ಹೊಟ್ಟೆಯದನ್ನು ಒಬ್ಬರ ಹತ್ತಿರ, ಕಲ್ಲಿನದನ್ನು ಇನ್ನೊಬ್ಬರ ಹತ್ತಿರ ಹೇಳಿ ಬರುತ್ತಾರೆ.

ಮನೆತನದ ಮಾತು ನಿಜವಾಗಿ ಗಂಭೀರ ಆಗುವುದು ಜಠರದ ಕ್ಯಾನ್ಸರ್ ವಿಷಯದಲ್ಲಿ. ಈ ಕ್ರಿಮಿ ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಹೇಳಿದೆ. ನೆಪೋಲಿಯನ್ನನ ಅಪ್ಪ ಹೊಟ್ಟೆಯ ಗಡ್ಡೆಯಿಂದ ಸತ್ತಿದ್ದ. ತಾನು ಸತ್ತ ಮೇಲೆ ತನ್ನ ಜಠರ ಕೊಯ್ದು ನೋಡಿ ಮಗನಿಗೆ ವರದಿ ಕೊಡಿ ಅಂತ ನೆಪೋಲಿಯನ್ ಡಾಕ್ಟರಿಗೆ ಹೇಳಿಟ್ಟಿದ್ದನಂತೆ. 1821ರಲ್ಲಿ ಅಷ್ಟು ಬಿಟ್ಟು ಬೇರೇನು ಮಾಡಲು ಸಾಧ್ಯವಿತ್ತು? ಈಗ ಹಾಗಲ್ಲ. ಅಪ್ಪ, ಅಮ್ಮ, ಅಣ್ಣ, ಅಕ್ಕ ಹೀಗೆ ಹತ್ತಿರದವರಿಗೆ ಜಠರದ ಕ್ಯಾನ್ಸರ್ ಬಂದವರ ಮೇಲೆ ಕೊರಿಯಾದಲ್ಲಿ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕ್ರಿಮಿಗೆ ಔಷಧಿ ಕೊಟ್ಟವರಲ್ಲಿ ಕ್ಯಾನ್ಸರ್ ಬಂದಿದ್ದು ಕೊಡದವರಿಗೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ. ಜೀನು ಅದೇ, ಮನೆತನವೂ ಅದೇ. ಚೀನಾದ ಡಾಕ್ಟರುಗಳಂತೂ ಒಬ್ಬರಿಗೆ ಕ್ರಿಮಿ ಸಿಕ್ಕಿದರೆ ಮನೆಯ ದೊಡ್ಡವರನ್ನೆಲ್ಲ ಒಟ್ಟಿಗೆ ಪರೀಕ್ಷೆ ಮಾಡಿ ಅಂತ ಮಾರ್ಗಸೂಚಿಯನ್ನೇ ಬರೆದಿದ್ದಾರೆ.

ಇನ್ನು ನನ್ನ ಪೆದ್ದುತನ. 2017ರಲ್ಲಿ, 43ನೇ ವಯಸ್ಸಿಗೆ, ನನಗೂ ಎದೆಯ ಕೆಳಗೆ ಕೊರೆಯುವ ಉರಿ ಶುರುವಾಯಿತು. ಹೊಟ್ಟೆ ಉರಿ ಅಂತ ಹೇಳಿದರೆ ಪಕ್ಕದ ಅಂಗಡಿಯವರು "ಯಾರನ್ನ ನೋಡಿ?" ಅಂತ ಕಿಚಾಯಿಸುತ್ತಿದ್ದರು. ವಂಶದ್ದು ಬಂತು ಅಂತ ಸಮಾಧಾನ ಮಾಡಿಕೊಂಡು ಏಳೆಂಟು ತಿಂಗಳು ದಿನಾ ಬೆಳಿಗ್ಗೆ ಅಂಗಡಿಯ ಸ್ಟ್ರಿಪ್ಪಿನಿಂದಲೇ ಪ್ಯಾಂಟೊಪ್ರಜೋಲ್ ಅನ್ನುವ ಗ್ಯಾಸ್ ಮಾತ್ರೆ ಒಂದೊಂದು ನುಂಗಿದೆ. ಕೊನೆಗೆ ಹೆಂಡತಿಯ ಕಾಟ ತಡೆಯಲಾಗದೆ ಒಂದು ಆಸ್ಪತ್ರೆಗೆ ಹೋಗಿ ಎಂಡೋಸ್ಕೋಪಿ ಮಾಡಿಸಿಕೊಂಡೆ. ಹುಣ್ಣು ಕಂಡಿತು, ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದರು, ಕ್ರಿಮಿ ಇಲ್ಲ ಅಂತ ಬಂತು. ನೋಡಿದ್ರಾ, ವಂಶದ್ದೇ ಅಂತ ಮನೆಗೆ ಬಂದು ದೊಡ್ಡದಾಗಿ ಹೇಳಿದೆ. ಅವತ್ತು ಬೆಳಿಗ್ಗೆಯವರೆಗೂ ಗ್ಯಾಸ್ ಮಾತ್ರೆ ನುಂಗಿದ್ದೆ. ನಿಲ್ಲಿಸಿ ಬನ್ನಿ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಮಾತ್ರೆ ಹೊಟ್ಟೆಯಲ್ಲಿರುವಾಗ ಕ್ರಿಮಿ ಸತ್ತಿರುವುದಿಲ್ಲ, ಕಡಿಮೆಯಾಗಿ ಅಡಗಿ ಕೂತಿರುತ್ತದೆ, ಪರೀಕ್ಷೆಗೆ ಸಿಗುವುದಿಲ್ಲ. ದಿನಕ್ಕೆ ನೂರು ಮಾತ್ರೆ ಮಾರುವವನಿಗೆ ಇಷ್ಟು ಗೊತ್ತಿರಲಿಲ್ಲ.

ಆರು ತಿಂಗಳಾದ ಮೇಲೆ ಬೇರೆ ಡಾಕ್ಟರ್. ಎರಡು ವಾರ ಆ ಮಾತ್ರೆ ಮುಟ್ಟಬೇಡಿ, ಉರಿ ತಡೆಯಲಾಗದಿದ್ದರೆ ಬಿಳಿ ಸಿರಪ್ ಕುಡಿಯಿರಿ ಅಂದರು. ಆಮೇಲೆ ಮಲ ಪರೀಕ್ಷೆ. ಪಾಸಿಟಿವ್. 14 ದಿನದ ಕೋರ್ಸ್, ನಾಲ್ಕು ಥರದ ಔಷಧಿ. ಬಾಯಿ ತುಂಬಾ ತಾಮ್ರದ ಕಾಸು ಇಟ್ಟುಕೊಂಡ ಹಾಗೆ ರುಚಿ. ಮೂರನೇ ದಿನ ಮಲ ಕಪ್ಪಗಾಯಿತು, ಅಪ್ಪನ ನೆನಪಾಗಿ ಕೈಕಾಲು ತಣ್ಣಗಾದವು. ಫೋನ್ ಮಾಡಿದರೆ ಡಾಕ್ಟರ್ ನಕ್ಕರು, ಅದು ಬಿಸ್ಮತ್ ಮಾತ್ರೆಯ ಬಣ್ಣವಂತೆ. ಎಂಟನೇ ದಿನ ಬಿಟ್ಟುಬಿಡೋಣ ಅನ್ನಿಸಿತ್ತು. ಹಾಗೆ ಅರ್ಧಕ್ಕೆ ಬಿಟ್ಟವರಿಂದಲೂ, ಸಣ್ಣಪುಟ್ಟದಕ್ಕೆಲ್ಲ ಆಂಟಿಬಯೋಟಿಕ್ ನುಂಗುವವರಿಂದಲೂ ಈ ಕ್ರಿಮಿ ನಮ್ಮ ದೇಶದಲ್ಲಿ ಎಷ್ಟೋ ಔಷಧಿಗಳಿಗೆ ಜಗ್ಗದ ಹಾಗೆ ಆಗಿದೆ. ಕೋರ್ಸ್ ಮುಗಿದು ಒಂದು ತಿಂಗಳ ಮೇಲೆ ಮತ್ತೆ ಪರೀಕ್ಷೆ, ನೆಗೆಟಿವ್. ಆಮೇಲೆ ಅಪ್ಪನಿಗೂ ಮಾಡಿಸಿದೆ, ಹೆಂಡತಿಗೂ ಮಾಡಿಸಿದೆ, ಇಬ್ಬರದೂ ಪಾಸಿಟಿವ್. ಮಗನಿಗೆ ಆಗ 11 ವರ್ಷ, ತೊಂದರೆ ಇಲ್ಲದ ಮಕ್ಕಳಿಗೆ ಸುಮ್ನೆ ಮಾಡಿಸಬೇಡಿ ಅಂದರು, ಬಿಟ್ಟೆ. 77 ವರ್ಷದ ಅಪ್ಪ ಗೊಣಗುತ್ತಲೇ 14 ದಿನ ಮುಗಿಸಿದರು. ಈಗ ಬಿಸ್ಕತ್ ಡಬ್ಬಿಯಲ್ಲಿ ಅವರ ಕನ್ನಡಕ, ಟಾರ್ಚು, ಪಿಂಚಣಿ ಪುಸ್ತಕ ಇದೆ.

ಉಳಿಸಿಕೊಳ್ಳಿ ಅಂದಿದ್ದ ಭಾಗ ಇದು. ಪ್ರಶ್ನೆ ಕೇಳಿದ ಆ ಓದುಗರಿಗೆ: ಎಚ್ ಪೈಲೋರಿ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನು ನೀವೇ ಬಾಯಿ ಬಿಟ್ಟು ಕೇಳಿ. ಮಲ ಪರೀಕ್ಷೆ, ಉಸಿರಿನ ಪರೀಕ್ಷೆ, ಎಂಡೋಸ್ಕೋಪಿ ಯಾವುದೇ ಆಗಲಿ, ಗ್ಯಾಸ್ ಮಾತ್ರೆಯನ್ನು ಎರಡು ವಾರ ಮುಂಚೆ, ಆಂಟಿಬಯೋಟಿಕ್ ಆದರೆ ನಾಲ್ಕು ವಾರ ಮುಂಚೆ ನಿಲ್ಲಿಸಿರಬೇಕು, ಹೇಗೆ ನಿಲ್ಲಿಸುವುದು ಅಂತ ಅವರನ್ನೇ ಕೇಳಿಕೊಳ್ಳಿ. ಹೃದಯಕ್ಕೆ ಆಸ್ಪಿರಿನ್ ತಗೊಳ್ಳುತ್ತಿದ್ದರೆ ಅದನ್ನು ನೀವಾಗಿಯೇ ನಿಲ್ಲಿಸಬೇಡಿ, ಆದರೆ ಮನೆಯಲ್ಲಿ ಹುಣ್ಣಿನ ಇತಿಹಾಸ ಇದೆ ಅಂತ ಹೇಳಿ. ಕಪ್ಪು ಮಲ, ರಕ್ತ ವಾಂತಿ, ಸುಮ್ಮಸುಮ್ಮನೆ ತೂಕ ಇಳಿಯುವುದು, ಇದರಲ್ಲಿ ಒಂದು ಕಂಡರೂ ನಮ್ಮಂಥ ಅಂಗಡಿಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಕೋರ್ಸ್ ಮುಗಿದ ಒಂದು ತಿಂಗಳಿಗೆ ಮತ್ತೊಂದು ಪರೀಕ್ಷೆ ಮರೆಯಬೇಡಿ.

ನಿಮ್ಮಲ್ಲಿ ಒಂದು ಮನವಿ ಸಂಪಾದಕರೇ. ಮಲ ಪರೀಕ್ಷೆಗೆ ದೊಡ್ಡ ಯಂತ್ರ ಏನೂ ಬೇಕಾಗಿಲ್ಲ. ಅದು ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲೂ ಸಿಗುವ ಹಾಗೆ ಮಾಡಬಾರದೇ ಅಂತ ಆರೋಗ್ಯ ಇಲಾಖೆಯವರನ್ನು ನಿಮ್ಮ ವರದಿಗಾರರು ಒಂದು ಮಾತು ಕೇಳಲಿ. ನಮ್ಮ ಕಡೆಯವರು ಈಗ ಇದಕ್ಕಾಗಿ ಒಂದು ದಿನದ ಕೂಲಿ ಬಿಟ್ಟು, ಡಬ್ಬಿ ಹಿಡಿದುಕೊಂಡು ಮೈಸೂರಿನ ಬಸ್ ಹತ್ತಬೇಕು.

ಇಂತಿ,
ನಿಮ್ಮ ಓದುಗ, ಹುಣಸೂರು